ರೈತನ ಕೈಗೆ ಲೆಕ್ಕದ ಚೀಟಿ ಕೊಡಿಸಿದ ಸರ್ ಛೋಟೂರಾಂ



ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ಸಂಘ ಕಟ್ಟಿದ ನಮ್ಮೂರ ಹಿರಿಯರ ಬಗ್ಗೆ ತಿಳಿದವರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ದೂರದ ಪಂಜಾಬಿನಲ್ಲಿ ಬಾಳಿ, 1945 ರಲ್ಲಿ ತೀರಿಕೊಂಡ ಒಬ್ಬ ಮಹನೀಯರ ವಿಚಾರ ತಿಳಿಸಬೇಕೆಂದಿದ್ದೇನೆ. ಅವರ ಹೆಸರು ಸರ್ ಛೋಟೂರಾಂ. ಉತ್ತರದ ಕಡೆ ಇವತ್ತಿಗೂ ರೈತರು ಅವರನ್ನು ದೀನಬಂಧು ಅಂತ ಕರೆಯುತ್ತಾರೆ. ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ. ಆದರೆ ಸಾಲ ತೆಗೆದುಕೊಳ್ಳುವ ಪ್ರತಿಯೊಬ್ಬ ರೈತನೂ ತಿಳಿದಿರಬೇಕಾದ ಜೀವನ ಅವರದು.

ಸಾಲ ಮಾಡುವುದು ರೈತನಿಗೆ ಹೊಸದಲ್ಲ. ಬಿತ್ತನೆಗೆ, ಗೊಬ್ಬರಕ್ಕೆ, ಎತ್ತಿಗೆ, ಮಗಳ ಮದುವೆಗೆ ಸಾಲ ಆಗಿಯೇ ಆಗುತ್ತದೆ. ಮನೆ ಹಾಳಾಗುವುದು ಸಾಲ ತಂದ ದಿನ ಅಲ್ಲ. ತಂದ ಮೇಲೆ ಕೊಟ್ಟವನ ಪುಸ್ತಕದಲ್ಲಿ ನಮಗೆ ಗೊತ್ತಿಲ್ಲದೆ ಲೆಕ್ಕ ಬದಲಾಗುತ್ತಾ ಹೋಗುತ್ತದಲ್ಲ, ಅಲ್ಲಿಂದ ಹಾಳು ಶುರು. ಅದನ್ನು ಕಾನೂನಿನಿಂದ ತಡೆಯಬೇಕೆಂದು ಛೋಟೂರಾಂ ಇಪ್ಪತ್ತು ವರ್ಷಕ್ಕೂ ಮೇಲೆ ಹೋರಾಡಿದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅವರು ಹುಟ್ಟಿದ್ದು 1881 ನೇ ಇಸವಿ ನವೆಂಬರ್ 24 ರಂದು, ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾ ಎಂಬ ಹಳ್ಳಿಯಲ್ಲಿ. ಆಗ ಅದು ಪಂಜಾಬ್ ಪ್ರಾಂತ್ಯ, ಈಗ ಹರಿಯಾಣ ರಾಜ್ಯಕ್ಕೆ ಸೇರಿದೆ. ತಂದೆ ಸುಖೀರಾಂ ಸಣ್ಣ ಹಿಡುವಳಿಯ ಜಾಟ್ ರೈತರು. ಮಗನಿಗೆ ಇಟ್ಟ ಹೆಸರು ರಾಮ್ ರಿಛಪಾಲ್. ಮನೆಯಲ್ಲಿ ಕೊನೆಯ ಮಗ ಆದ್ದರಿಂದ ಎಲ್ಲರೂ ಛೋಟೂ ಅಂದರೆ ಚಿಕ್ಕವನು ಅಂತ ಕರೆಯುತ್ತಿದ್ದರು. ಶಾಲೆಯ ದಾಖಲೆಗೂ ಅದೇ ಹೆಸರು ಬಿತ್ತು, ಅದೇ ಉಳಿಯಿತು.

ಮನೆಯ ಮೇಲೆ ಸಾಲವಿತ್ತು, ಕೋರ್ಟಿನ ವ್ಯಾಜ್ಯವೂ ಇತ್ತು. ಹುಡುಗ ಸಾಂಪ್ಲಾದಲ್ಲಿ, ಆಮೇಲೆ ಝಜ್ಜರಿನಲ್ಲಿ ಓದಿ ಮಿಡ್ಲ್ ಸ್ಕೂಲ್ ಮುಗಿಸಿದ. ಮುಂದೆ ದೆಹಲಿಗೆ ಹೋಗಿ ಓದಬೇಕೆಂದರೆ ದುಡ್ಡು ಬೇಕು. ತಂದೆ ಮಗನನ್ನು ಕರೆದುಕೊಂಡು ಸಾಂಪ್ಲಾದ ಒಬ್ಬ ಸಾಹುಕಾರನ ಹತ್ತಿರ ಹೋದರು. ಸಾಹುಕಾರ ಮಲಗಿದ್ದಲ್ಲಿಂದಲೇ ಪಂಖದ ಹಗ್ಗವನ್ನು ತಂದೆಯ ಕಡೆ ಎಸೆದು ಎಳೆಯಲು ಹೇಳಿದನಂತೆ. ಸಾಹುಕಾರನ ಸ್ವಂತ ಮಗ ಪಕ್ಕದಲ್ಲೇ ಕೂತಿದ್ದ. ಬೇಡಲು ಬಂದ ತಂದೆ ಮಾತಾಡದೆ ಎಳೆಯಲು ಹೊರಟರು. ಆದರೆ ಹುಡುಗನಿಗೆ ತಡೆಯಲಾಗಲಿಲ್ಲ. ನಿಮ್ಮ ಮಗ ಇರುವಾಗ ವಯಸ್ಸಾದ ನಮ್ಮ ಅಪ್ಪನ ಕೈಲಿ ಯಾಕೆ ಈ ಕೆಲಸ ಅಂತ ಮುಖಕ್ಕೆ ಕೇಳಿಬಿಟ್ಟ. ಅವರ ಜೀವನ ಹೇಳುವವರೆಲ್ಲ ಈ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಬಡ್ಡಿ ದುಡ್ಡಿನ ಜೊತೆಗೆ ಮರ್ಯಾದೆಯನ್ನೂ ಕಟ್ಟಬೇಕಾದ ಕಾಲ ಅದು.

ಹೇಗೋ ದೆಹಲಿಯ ಮಿಷನ್ ಶಾಲೆ ಸೇರಿದರು. ಅಲ್ಲಿ ಹಾಸ್ಟೆಲಿನ ಮೇಲ್ವಿಚಾರಕರ ವಿರುದ್ಧ ಹುಡುಗರನ್ನು ಕಟ್ಟಿಕೊಂಡು ಮುಷ್ಕರವನ್ನೂ ಮಾಡಿದರು. ಆಮೇಲೆ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ 1905 ರಲ್ಲಿ ಬಿ.ಎ. ಆಯಿತು. ಕಾಲೇಜು ಕಾಲದಲ್ಲಿ ಸೇಠ್ ಛಾಜೂರಾಂ ಎಂಬ ದಾನಿಗಳು ನೆರವಾದರು. ಸ್ವಲ್ಪ ಕಾಲ ಕಾಲಾಕಾಂಕರದ ರಾಜರ ಬಳಿ ಕಾರ್ಯದರ್ಶಿಯಾಗಿ ದುಡಿದು, ಆಗ್ರಾದಲ್ಲಿ ಕಾನೂನು ಓದಿ ವಕೀಲರಾದರು. 1912 ರಲ್ಲಿ ತಮ್ಮ ಜಿಲ್ಲೆ ರೋಹ್ತಕ್‌ಗೇ ಬಂದು ನೆಲೆಸಿದರು. ಬೇರೆ ವಕೀಲರ ಕಚೇರಿಯಲ್ಲಿ ನೆಲದ ಮೇಲೆ ಕೂರುತ್ತಿದ್ದ ರೈತ ಕಕ್ಷಿಗಾರರನ್ನು ಇವರು ಕುರ್ಚಿ ಹಾಕಿ ಕೂರಿಸುತ್ತಿದ್ದರಂತೆ. ರೈತರ ಮಕ್ಕಳಿಗಾಗಿ ರೋಹ್ತಕ್‌ನಲ್ಲಿ ಶಾಲೆ ಕಟ್ಟಿಸಲು ಮುಂದೆ ನಿಂತರು. 1916 ರಲ್ಲಿ ಜಾಟ್ ಗೆಜೆಟ್ ಎಂಬ ವಾರಪತ್ರಿಕೆ ಶುರು ಮಾಡಿದರು.

ಸಾಹುಕಾರನ ಬಹಿ

ಕೋರ್ಟಿನಲ್ಲಿ ಅವರ ಕಣ್ಣಿಗೆ ದಿನಾ ಬೀಳುತ್ತಿದ್ದುದು ಸಾಹುಕಾರನ ಲೆಕ್ಕದ ಪುಸ್ತಕ. ಅದಕ್ಕೆ ಆ ಕಡೆ ಬಹಿ ಅನ್ನುತ್ತಾರೆ. ನ್ಯಾಯಾಧೀಶರ ಮುಂದೆ ಅದೇ ದೊಡ್ಡ ಸಾಕ್ಷಿ. ರೈತನ ಹತ್ತಿರ ಒಂದು ಚೂರು ಕಾಗದವೂ ಇರುತ್ತಿರಲಿಲ್ಲ.

ಬಹಿಯನ್ನು ವ್ಯಾಪಾರಿಗಳು ತಮ್ಮದೇ ಲಿಪಿಯಲ್ಲಿ ಬರೆಯುತ್ತಿದ್ದರು. ಉರ್ದು ಓದಲು ಬಂದವನಿಗೂ ಅದು ಅರ್ಥವಾಗುತ್ತಿರಲಿಲ್ಲ. ಸಾಲ ಕೊಡುವಾಗ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು. ಆರು ತಿಂಗಳಾದಾಗ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಅಸಲು ಅಂತ ಬರೆದುಕೊಳ್ಳುವರು. ರೈತ ಕಾಳು ತಂದು ಕೊಟ್ಟರೆ ಸುಗ್ಗಿಯ ಕಡಿಮೆ ಬೆಲೆಗೆ ಜಮೆ ಮಾಡುವರು, ಅದೇ ರೈತನಿಗೆ ಬಿತ್ತನೆ ಕಾಳು ಕೊಡುವಾಗ ಹೆಚ್ಚಿನ ಬೆಲೆಗೆ ಖರ್ಚು ಹಾಕುವರು. ಕಟ್ಟಿದ ದುಡ್ಡಿಗೆ ರಸೀದಿ ಇಲ್ಲ.

ಇದರ ಪರಿಣಾಮ ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡಿ. 100 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. ಐದು ವರ್ಷ ಏನೂ ಕಟ್ಟದಿದ್ದರೆ ಸರಳ ಬಡ್ಡಿಯಲ್ಲಿ ಒಟ್ಟು 220 ರೂಪಾಯಿ ಆಗುತ್ತದೆ. ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಅದೇ ಸಾಲ 310 ರೂಪಾಯಿ ದಾಟುತ್ತದೆ. ಬಾಯಲ್ಲಿ ಹೇಳಿದ ಬಡ್ಡಿ ಎರಡರಲ್ಲೂ ಒಂದೇ. ಪುಸ್ತಕದಲ್ಲಿ ಬರೆದ ರೀತಿ ಬೇರೆ, ಅಷ್ಟೇ. ವ್ಯತ್ಯಾಸ 90 ರೂಪಾಯಿ.

ಪಂಜಾಬಿನ ಸಹಕಾರ ಇಲಾಖೆಯಲ್ಲಿದ್ದ ಮಾಲ್ಕಮ್ ಡಾರ್ಲಿಂಗ್ ಎಂಬ ಅಧಿಕಾರಿ ಊರೂರು ತಿರುಗಿ ವಿಚಾರಿಸಿ 1925 ರಲ್ಲಿ ಒಂದು ಪುಸ್ತಕ ಬರೆದರು. ಅವರು ವಿಚಾರಿಸಿದ ಹಿಡುವಳಿದಾರರಲ್ಲಿ ನೂರಕ್ಕೆ 83 ಮಂದಿ ಸಾಲದಲ್ಲಿದ್ದರು. ಪ್ರಾಂತ್ಯದ ರೈತರ ಸಾಲ ಸುಮಾರು 90 ಕೋಟಿ ಅಂತ ಅಂದಾಜು ಮಾಡಿದರು. 1930 ರ ಹೊತ್ತಿಗೆ ಬ್ಯಾಂಕಿಂಗ್ ವಿಚಾರಣಾ ಸಮಿತಿ ಅದನ್ನು 135 ಕೋಟಿ ಅಂದಿತು. ಸಾಲ ಏರುತ್ತಲೇ ಹೋಗಿತ್ತು.

ಶಾಸನಸಭೆಯಲ್ಲಿ

ಛೋಟೂರಾಂ ಮೊದಲು ಕಾಂಗ್ರೆಸ್ಸಿನಲ್ಲಿದ್ದರು, ರೋಹ್ತಕ್ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರೂ ಆಗಿದ್ದರು. ಅಸಹಕಾರ ಚಳವಳಿಯ ದಾರಿ ಒಪ್ಪಿಗೆಯಾಗದೆ 1920 ರಲ್ಲಿ ಹೊರಬಂದರು. 1923 ರಲ್ಲಿ ಫಜ್ಲಿ ಹುಸೇನ್ ಅವರ ಜೊತೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ಎನ್ನದೆ ಬೇಸಾಯಗಾರರೆಲ್ಲ ಒಂದಾಗಬೇಕು ಎಂಬುದು ಆ ಪಕ್ಷದ ನಿಲುವು. ಬ್ರಿಟಿಷರ ಸರ್ಕಾರದಲ್ಲಿ ಸೇರಿ ಕೆಲಸ ಮಾಡಿದರು ಅಂತ ಅವರನ್ನು ಟೀಕಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. 1924 ರಿಂದ 1926 ರವರೆಗೆ ಮಂತ್ರಿಯಾಗಿದ್ದರು.

ಸಾಹುಕಾರರ ಲೆಕ್ಕಕ್ಕೆ ಕಡಿವಾಣ ಹಾಕುವ ಮಸೂದೆಯೊಂದು 1926 ರಲ್ಲಿ ಸಭೆಯಲ್ಲಿ ಪಾಸಾಯಿತು. ಗವರ್ನರ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಒಬ್ಬಿಬ್ಬರಾದರೆ ಅಲ್ಲಿಗೇ ಕೈಬಿಡುತ್ತಿದ್ದರು. ಛೋಟೂರಾಂ ಮತ್ತು ಅವರ ಪಕ್ಷದವರು ಪಟ್ಟು ಬಿಡಲಿಲ್ಲ. ಕೊನೆಗೆ ಸರ್ಕಾರವೇ ಇನ್ನೊಂದು ಮಸೂದೆ ತರಬೇಕಾಯಿತು. ಅದೇ 1930 ರ ಪಂಜಾಬ್ ಲೆಕ್ಕಪತ್ರ ನಿಯಂತ್ರಣ ಕಾಯ್ದೆ.

ಈ ಕಾಯ್ದೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಖ್ಯ ವಿಷಯ ಇದರಲ್ಲೇ ಇದೆ. ಸಾಲ ಕೊಟ್ಟವನು ಪ್ರತಿಯೊಬ್ಬ ಸಾಲಗಾರನಿಗೂ ಬೇರೆ ಬೇರೆ ಖಾತೆ ಇಡಬೇಕು. ಅಸಲು ಬೇರೆ, ಬಡ್ಡಿ ಬೇರೆ ತೋರಿಸಬೇಕು. ಆರು ತಿಂಗಳಿಗೊಮ್ಮೆ ಓದಲು ಬರುವ ಹಾಗೆ ಬರೆದ ಲೆಕ್ಕದ ಚೀಟಿಗೆ ರುಜು ಹಾಕಿ ಸಾಲಗಾರನಿಗೆ ಕಳಿಸಬೇಕು. ಹಾಗೆ ಮಾಡದೆ ಕೋರ್ಟಿಗೆ ಬಂದರೆ ಬಡ್ಡಿಯನ್ನು ಕೋರ್ಟು ಪೂರಾ ಇಲ್ಲವೇ ಭಾಗಶಃ ಹೊಡೆದು ಹಾಕಬಹುದು. ಚೀಟಿ ಕಳಿಸದ ಅವಧಿಗೆ ಬಡ್ಡಿ ಲೆಕ್ಕ ಹಿಡಿಯುವಂತಿಲ್ಲ. ದಾವೆಯ ಖರ್ಚೂ ಸಿಗುವುದಿಲ್ಲ.

ಇನ್ನೊಂದು ಅಂಶ ಬಹಳ ಸೂಕ್ಷ್ಮವಾದದ್ದು. ಚೀಟಿ ಬಂದಾಗ ರೈತ ಸುಮ್ಮನಿದ್ದ ಮಾತ್ರಕ್ಕೆ ಅವನು ಆ ಲೆಕ್ಕ ಒಪ್ಪಿದ ಅಂತ ಆಗುವುದಿಲ್ಲ. ಓದು ಬರದವನು ಆಕ್ಷೇಪಣೆ ಹೇಗೆ ಬರೆದಾನು? ಅವನ ಮೌನವನ್ನೇ ಒಪ್ಪಿಗೆ ಅಂತ ಸಾಧಿಸಲು ಬಿಟ್ಟರೆ ಕಾಯ್ದೆಯೇ ರೈತನಿಗೆ ಉರುಳಾಗುತ್ತಿತ್ತು. ಆ ಬಾಗಿಲನ್ನು ಮೊದಲೇ ಮುಚ್ಚಿದರು.

ಒಂದರ ಮೇಲೊಂದು ಕಾಯ್ದೆ

1930 ರ ಸುಮಾರಿಗೆ ಜಗತ್ತಿನಲ್ಲೆಲ್ಲ ಬೆಲೆ ಕುಸಿಯಿತು. ಗೋಧಿಗೆ ಕೇಳುವವರಿಲ್ಲ, ಸಾಲ ಮಾತ್ರ ಹಾಗೇ ನಿಂತಿತ್ತು. ಆಗ 1934 ರಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಆಧಾರವಿಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12, ಆಧಾರವಿಲ್ಲದ ಸಾಲಕ್ಕೆ ಹದಿನೆಂಟೂ ಮುಕ್ಕಾಲು ಸರಳ ಬಡ್ಡಿಗಿಂತ ಮೇಲಾದರೆ ಅದು ಮಿತಿಮೀರಿದ ಬಡ್ಡಿ ಅಂತಾಯಿತು. ಹಳೆಯ ಸಾಲಗಳಲ್ಲಿ ಕಟ್ಟಿದ್ದೂ ಸೇರಿ ಅಸಲಿನ ಎರಡರಷ್ಟಕ್ಕಿಂತ ಹೆಚ್ಚು ಡಿಕ್ರಿ ಮಾಡುವಂತಿಲ್ಲ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಸಾಲ ಸಂಧಾನ ಮಂಡಳಿಗಳು ಬಂದವು. ಆಗ ಛೋಟೂರಾಂ ಮಂತ್ರಿಯಲ್ಲ. ಸಭೆಯ ಒಳಗೆ ಮಾತಾಡಿ, ಹೊರಗೆ ಪತ್ರಿಕೆಯಲ್ಲಿ ಬರೆದು ಒತ್ತಾಯ ತಂದರು. 1936 ರ ಸಾಲಗಾರರ ರಕ್ಷಣಾ ಕಾಯ್ದೆಯಿಂದ ಹತ್ತಿ, ಕಬ್ಬು ಬಿಟ್ಟು ಉಳಿದ ನಿಂತ ಪೈರನ್ನು ಜಪ್ತಿ ಮಾಡುವುದು ನಿಂತಿತು.

1937 ರಲ್ಲಿ ಸಿಕಂದರ್ ಹಯಾತ್ ಖಾನ್ ಅವರ ಮಂತ್ರಿಮಂಡಲದಲ್ಲಿ ಛೋಟೂರಾಂ ಅಭಿವೃದ್ಧಿ ಮಂತ್ರಿಯಾದರು, ಮುಂದೆ ಕಂದಾಯ ಖಾತೆಯನ್ನೂ ನೋಡಿದರು. ಅದೇ ವರ್ಷ ಸರ್ ಪದವಿಯೂ ಬಂತು. ಅಧಿಕಾರ ಕೈಗೆ ಬಂದ ಮೇಲೆ ಕೆಲಸ ಚುರುಕಾಯಿತು. 1938 ರ ಸಾಹುಕಾರರ ನೋಂದಣಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವನು ಸಾಲ ವಸೂಲಿಗೆ ಕೋರ್ಟಿಗೆ ಹೋಗುವಂತಿಲ್ಲ. ಲೆಕ್ಕದಲ್ಲಿ ಮೋಸ ಕಂಡರೆ ಲೈಸೆನ್ಸ್ ರದ್ದಾಗಬಹುದು. 1930 ರ ಕಾಯ್ದೆ ಚೀಟಿ ಕೊಡು ಅಂತ ಹೇಳಿತ್ತು, ಇದು ಕೊಡದವನ ಅಂಗಡಿಗೇ ಬೀಗ ಹಾಕಿತು.

ಅದೇ 1938 ರಲ್ಲಿ ಅಡಮಾನದ ಜಮೀನು ವಾಪಸಾತಿ ಕಾಯ್ದೆ ಬಂತು. 1901 ರ ಜೂನ್ 8 ಕ್ಕಿಂತ ಮುಂಚೆ ಅಡಮಾನಕ್ಕೆ ಹೋಗಿದ್ದ ಜಮೀನುಗಳನ್ನು ರೈತರು ಅರ್ಜಿ ಕೊಟ್ಟು ಬಿಡಿಸಿಕೊಳ್ಳಲು ದಾರಿಯಾಯಿತು. ಸಾಹುಕಾರ ಆ ಜಮೀನಿನಿಂದ ಅಸಲಿನ ಎರಡರಷ್ಟು ಉಂಡಿದ್ದರೆ ರೈತ ಏನೂ ಕೊಡಬೇಕಿಲ್ಲ. ಅಜ್ಜನ ಕಾಲದಲ್ಲಿ ಹೋದ ಹೊಲ ಮೊಮ್ಮಗನ ಕಾಲಕ್ಕೆ ಮನೆಗೆ ಬಂತು ಅಂದರೆ ಆ ಮನೆಯವರಿಗೆ ಹೇಗಾಗಿರಬೇಕು, ನಾವೇ ಊಹಿಸಬಹುದು.

1939 ರಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆ ಮಾಡಿ ಮಂಡಿಯಲ್ಲಿ ತೂಕದವನಿಗೆ, ಹಮಾಲಿಗೆ, ಧರ್ಮಕ್ಕೆ ಅಂತ ರೈತನ ಹಣದಲ್ಲಿ ಮುರಿದುಕೊಳ್ಳುವುದಕ್ಕೆ ಮಿತಿ ಹಾಕಿದರು. ಮಾರುಕಟ್ಟೆ ಸಮಿತಿಯಲ್ಲಿ ಬೆಳೆಗಾರರಿಗೆ ಜಾಗ ಕೊಟ್ಟರು. 1941 ರಲ್ಲಿ ತೂಕ ಮತ್ತು ಅಳತೆ ಕಾಯ್ದೆ ಬಂತು. ಲೆಕ್ಕದ ಪುಸ್ತಕ ಸರಿಯಾಗಿದ್ದು ತಕ್ಕಡಿಯೇ ಸುಳ್ಳಾದರೆ ಏನು ಫಲ?

ವಿರೋಧ ಮತ್ತು ಕೊರತೆ

ವ್ಯಾಪಾರಿಗಳು ಇವನ್ನೆಲ್ಲ ಕರಾಳ ಶಾಸನ ಅಂದರು, ಹರತಾಳ ಮಾಡಿದರು. ರೈತರು ಬಂಗಾರದ ಕಾಯ್ದೆ ಅಂದರು. ಎರಡೂ ಕಡೆಯ ಮಾತು ಕೇಳುವುದು ನ್ಯಾಯ. ಸಾಹುಕಾರರೆಲ್ಲ ಮೋಸಗಾರರಲ್ಲ. ಬರಗಾಲದಲ್ಲಿ ಸರ್ಕಾರ ಬರುವ ಮೊದಲೇ ಕಾಳು ಕೊಟ್ಟವರೂ ಅವರಲ್ಲಿ ಇದ್ದರು. ಭೂಮಿಯನ್ನು ಬೇಸಾಯಗಾರ ಜಾತಿಗಳಿಗೆ ಮಾತ್ರ ಎಂದಿಟ್ಟಿದ್ದ 1900 ರ ಹಳೆಯ ಕಾಯ್ದೆಯನ್ನು ಛೋಟೂರಾಂ ಬಲವಾಗಿ ಸಮರ್ಥಿಸಿದರು. ಅದರಿಂದ ಹೊಲದಲ್ಲಿ ದುಡಿಯುತ್ತಿದ್ದ ದಲಿತರಿಗೆ ಜಮೀನು ಕೊಳ್ಳಲು ದಾರಿ ಇಲ್ಲದಾಯಿತು. ವ್ಯಾಪಾರಿ ಹಿಂದೆ ಸರಿದ ಕಡೆ ದೊಡ್ಡ ಜಮೀನ್ದಾರನೇ ಬಡ್ಡಿ ವ್ಯವಹಾರಕ್ಕೆ ಇಳಿದದ್ದೂ ಉಂಟು. ಇವು ಮರೆಯಬಾರದ ಕೊರತೆಗಳು.

ಇನ್ನೊಂದು ತೊಂದರೆ ನಾವು ಸಹಕಾರಿಗಳು ಯೋಚಿಸಬೇಕಾದದ್ದು. ಕಾಯ್ದೆ ಬಿಗಿಯಾದಂತೆ ಸಾಹುಕಾರರು ಕೈ ಹಿಡಿದರು. ಹಳೆಯ ಸಾಲ ತಗ್ಗಿತು, ಹೊಸ ಸಾಲ ಸಿಗುವುದು ಕಷ್ಟವಾಯಿತು. ಕಾಯ್ದೆ ಮೋಸವನ್ನು ತಡೆಯಬಹುದು, ಬಿತ್ತನೆಗೆ ದುಡ್ಡು ಕೊಡಲಾರದು. ಅದಕ್ಕೆ ನ್ಯಾಯವಾದ ಬಡ್ಡಿಗೆ, ತೆರೆದ ಲೆಕ್ಕದಲ್ಲಿ ಸಾಲ ಕೊಡುವ ಸಂಸ್ಥೆ ಊರಲ್ಲೇ ಇರಬೇಕು. 1904 ರ ಸಹಕಾರ ಕಾಯ್ದೆ ಬಂದ ಮರುವರ್ಷ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಇದೇ ಕಾರಣಕ್ಕೆ.

ಕೊನೆಯ ದಿನಗಳು

ಛೋಟೂರಾಂ ತಮ್ಮ ಸಂಬಳದಲ್ಲಿ ದೊಡ್ಡ ಪಾಲನ್ನು ಬಡ ಹುಡುಗರ ಓದಿಗೆ ಕೊಡುತ್ತಿದ್ದರು. ಭಾಕ್ರಾ ಅಣೆಕಟ್ಟಿಗಾಗಿ ಬಿಲಾಸಪುರ ಸಂಸ್ಥಾನದ ಜೊತೆ ಮಾತುಕತೆ ನಡೆಸಿ 1944 ರಲ್ಲಿ ಒಪ್ಪಂದಕ್ಕೆ ತಂದರು. ದೇಶ ಒಡೆಯುವ ಮಾತಿಗೆ ಕೊನೆಯವರೆಗೂ ವಿರೋಧವಾಗಿದ್ದರು. 1945 ರ ಜನವರಿ 9 ರಂದು ಲಾಹೋರಿನಲ್ಲಿ ತೀರಿಕೊಂಡರು. ರೋಹ್ತಕ್‌ಗೆ ತಂದು ಸಂಸ್ಕಾರ ಮಾಡಿದರು. ಎರಡೇ ವರ್ಷದಲ್ಲಿ ಅವರ ಪಂಜಾಬ್ ಎರಡು ಹೋಳಾಯಿತು. ಭಾಕ್ರಾ ಅಣೆಕಟ್ಟು 1963 ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. 2018 ರಲ್ಲಿ ಅವರ ಹುಟ್ಟೂರಿನಲ್ಲಿ 64 ಅಡಿ ಎತ್ತರದ ಪ್ರತಿಮೆ ನಿಂತಿತು.

ನಮಗೆ ಇದರಿಂದೇನು?

ನಮ್ಮ ರಾಜ್ಯದಲ್ಲೂ ಇಂಥ ಕಾಯ್ದೆಗಳಿವೆ. 1961 ರ ಲೇವಾದೇವಿದಾರರ ಕಾಯ್ದೆಯಲ್ಲಿ ಕಟ್ಟಿದ ಹಣಕ್ಕೆ ರಸೀದಿ ಕೊಡಬೇಕು, ವರ್ಷದ ಲೆಕ್ಕ ಕೊಡಬೇಕು, ಸಾಲಗಾರ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ ಅಂತಲೇ ಇದೆ. ದೇವರಾಜ ಅರಸರ ಕಾಲದಲ್ಲಿ 1976 ರ ಋಣ ಪರಿಹಾರ ಕಾಯ್ದೆ ಬಂತು. 2004 ರಲ್ಲಿ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆ, 2025 ರಲ್ಲಿ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯುವ ಕಾಯ್ದೆ ಬಂದಿವೆ. ಬ್ಯಾಂಕುಗಳು ಜನರಿಗೆ ಕೊಡುವ ಕಂತಿನ ಸಾಲಗಳಿಗೆ 2024 ರ ಅಕ್ಟೋಬರ್ 1 ರಿಂದ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಬಡ್ಡಿ, ಶುಲ್ಕ ಎಲ್ಲ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಪತ್ರದಲ್ಲಿ ಬರೆದುಕೊಡಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಆಮೇಲೆ ಅವನ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಛೋಟೂರಾಂ ಕೇಳಿದ್ದೂ ಇದನ್ನೇ.

ಆದರೆ ಚೀಟಿ ಕೈಗೆ ಬಂದರೆ ಸಾಲದು, ಅದನ್ನು ನೋಡಬೇಕು. ನಮ್ಮಲ್ಲಿ ಪಾಸ್ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ತೆಗೆಯದವರು ಇದ್ದಾರೆ. ಖಾಲಿ ಕಾಗದಕ್ಕೆ ರುಜು ಹಾಕುವವರು ಇದ್ದಾರೆ. ಮನೆಯ ಹೆಣ್ಣುಮಕ್ಕಳು ಗುಂಪಿನಲ್ಲಿ ತಂದ ಸಾಲಕ್ಕೆ ವಾರದ ಕಂತು ಎಷ್ಟು ಅಂತ ಗೊತ್ತು, ಒಟ್ಟು ಬಡ್ಡಿ ಎಷ್ಟು ಅಂತ ಗೊತ್ತಿರುವುದಿಲ್ಲ. ನಮ್ಮ ಬೆಳೆ ಸಾಲದ ವಿಷಯವೂ ಹಾಗೇ. ಶೂನ್ಯ ಬಡ್ಡಿ ಅಂತ ಎಲ್ಲರಿಗೂ ಗೊತ್ತು. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಆ ಸೌಲಭ್ಯ, ದಿನ ಮೀರಿದರೆ ಬಡ್ಡಿ ಬೀಳುತ್ತದೆ ಅನ್ನುವುದನ್ನು ಸುಸ್ತಿಯಾದ ಮೇಲೆ ತಿಳಿದು ಬೇಸರ ಪಡುತ್ತಾರೆ.

ಆದ್ದರಿಂದ ಒಬ್ಬ ನಿರ್ದೇಶಕನಾಗಿ ನನ್ನ ವಿನಂತಿ ಇಷ್ಟೇ. ಸಂಘಕ್ಕೆ ಬಂದಾಗ ನಿಮ್ಮ ಖಾತೆ ತೆಗೆಸಿ ನೋಡಿ. ಅಸಲು ಎಷ್ಟು, ಬಡ್ಡಿ ಎಷ್ಟು, ವಾಯಿದೆ ಯಾವತ್ತು ಅಂತ ಕೇಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಓದಲು ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಜೊತೆಗೆ ಕರೆತನ್ನಿ. ಕೇಳಿದರೆ ಕಾರ್ಯದರ್ಶಿಯವರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ. ಕೇಳುವ ಹಕ್ಕು ನಿಮ್ಮದು, ಹೇಳುವ ಕರ್ತವ್ಯ ನಮ್ಮದು. ಮಹಾಸಭೆಯಲ್ಲಿ ಲೆಕ್ಕ ಓದುವಾಗ ಊಟಕ್ಕೆ ಎದ್ದು ಹೋಗಬೇಡಿ.

ಪಂಜಾಬಿನ ರೈತನಿಗೆ ಆರು ತಿಂಗಳಿಗೊಂದು ಲೆಕ್ಕದ ಚೀಟಿ ಸಿಗಲು ಒಂದು ಮಸೂದೆ ಬಿದ್ದು ಇನ್ನೊಂದು ಏಳಬೇಕಾಯಿತು. ನಮಗೆ ಅದು ಊರಿನಲ್ಲೇ, ನಾವೇ ಕಟ್ಟಿದ ಸಂಘದಲ್ಲಿ, ನಮ್ಮದೇ ಭಾಷೆಯಲ್ಲಿ ಸಿಗುತ್ತಿದೆ. ಇದನ್ನು ಉಳಿಸಿಕೊಂಡು ಮುಂದಿನ 25 ವರ್ಷವೂ ಸಂಘದ ಲೆಕ್ಕ ಸದಸ್ಯರ ಕಣ್ಣ ಮುಂದೆ ತೆರೆದೇ ಇರಲಿ ಎಂದು ಹಾರೈಸುತ್ತೇನೆ.